ಅಟ್ಟದ ಗಾಳಿ, ಅತ್ತೆಯ ರೊಟ್ಟಿ

ಮನೆಯ ಮಾಳಿಗೆ ಬದಲಿಸುವಾಗ ನಾನು ಹಟ ಹಿಡಿದದ್ದು ಒಂದೇ ವಿಷಯಕ್ಕೆ. ಅಟ್ಟದಲ್ಲಿ ಗಾಳಿ ಆಡಬೇಕು.

ಹಿರೋಳ್ಳಿಯ ನಮ್ಮ ಮನೆಯದು ಮೊದಲು ಮಣ್ಣಿನ ಮಾಳಿಗೆ, ಅಂದರೆ ತೊಲೆಯ ಮೇಲೆ ಮಣ್ಣು ಹಾಸಿದ ಚಪ್ಪಟೆ ಛಾವಣಿ. ತೊಲೆಗೆ ಗೆದ್ದಲು ಹತ್ತಿ ಒಂದು ಮೂಲೆ ಕುಸಿದ ಮೇಲೆ ಅದನ್ನು ಇಳಿಸಿ, ಎರಡೂ ಕಡೆ ಇಳಿಜಾರು ಕೊಟ್ಟು ತಗಡಿನ ಪತ್ರಾ ಹೊದಿಸುವುದೆಂದು ಮಾವ ದೇವಿಂದ್ರಪ್ಪ ತೀರ್ಮಾನಿಸಿದರು. ಪತ್ರಾದ ಕೆಳಗೆ ಹಲಗೆಯ ಅಟ್ಟ. ಆ ಅಟ್ಟ ಇದ್ದದ್ದೇ ಅತ್ತೆ ಗುರಮ್ಮನ ರೊಟ್ಟಿಗಾಗಿ.

ಅತ್ತೆ ಮಾಡುವುದು ಜೋಳದ ಕಟಕ ರೊಟ್ಟಿ. ತೆಳ್ಳಗೆ ಬಡಿದು, ಸುಟ್ಟು, ಅಟ್ಟದಲ್ಲಿ ಒಣಗಿಸಿಟ್ಟರೆ ತಿಂಗಳಾದರೂ ಮುರಿದಾಗ ಸದ್ದು ಬರಬೇಕು. ಆಳಂದದಲ್ಲಿ ಖಾನಾವಳಿ ನಡೆಸುವ ಕಲ್ಯಾಣಕುಮಾರನಿಗೆ ಹನ್ನೆರಡು ವರ್ಷದಿಂದ ಅವರದೇ ರೊಟ್ಟಿ. ಅತ್ತೆ ಶಾಲೆ ಕಂಡವರಲ್ಲ, ಆದರೆ ಆಳಂದದ ಬಸ್ ಸ್ಟ್ಯಾಂಡಿನಲ್ಲಿ ಹೆಸರು ಹೇಳಿದರೆ ಗುರುತು ಹಿಡಿಯುತ್ತಾರೆ. ಅದರ ಜಂಬ ಅವರಿಗಿದೆ, ಇರಲೇಬೇಕು.

ಹಳೇ ಮಾಳಿಗೆಯ ನಡುವೆ ಬೆಳಕಿಂಡಿ ಇತ್ತು. ಒಲೆಯ ಹೊಗೆ, ಹಬೆ, ಸೆಕೆ ಎಲ್ಲಾ ಅಲ್ಲಿಂದ ಹೋಗುತ್ತಿದ್ದವು. ಮೋಡ ಕಂಡರೆ ಮಾವ ಏಣಿ ಹತ್ತಿ ಕಿಂಡಿಗೆ ಗೊಬ್ಬರದ ಚೀಲ ಹೊದಿಸಿ, ಮೇಲೊಂದು ಕಲ್ಲಿಟ್ಟು ಬರುತ್ತಿದ್ದರು. ಮಣ್ಣಿನ ಮನೆಯವರೆಲ್ಲ ಮಾಡುವ ಕೆಲಸವೇ ಅದು.

ಹೊಸ ಪತ್ರಾಕ್ಕೆ ಕಿಂಡಿಯೇ ಬೇಡವೆಂದು ಮಿಸ್ತ್ರಿ ಬುರಾನುದ್ದೀನ ಶುರು ಹಚ್ಚಿದ. ನನ್ನ ತವರು ಇಜೇರಿಯಲ್ಲಿ ತೊಗರಿ ಇಡುವ ಗೋದಾಮು ಕಟ್ಟುವುದನ್ನು ನಾನು ಕಣ್ಣಾರೆ ನೋಡಿದ್ದೆ. ಕೆಳಗೆ ಸೂರಿನ ಉದ್ದಕ್ಕೂ ಗಾಳಿ ಒಳಗೆ ಬರಲು ಸಂದು, ಮೇಲೆ ಎರಡು ಇಳಿಜಾರು ಕೂಡುವ ನೆತ್ತಿಯಲ್ಲಿ ಹೊರಗೆ ಹೋಗಲು ಸಂದು. ನೆತ್ತಿಯ ಸಂದಿಗೆ ನಾಲ್ಕು ಬೆರಳು ಎತ್ತರದಲ್ಲಿ ತಗಡಿನ ಟೊಪ್ಪಿಗೆ, ಪಾರಿವಾಳ ನುಗ್ಗದಂತೆ ಜಾಳಿಗೆ. ನಮ್ಮಲ್ಲೂ ಹಾಗೇ ಆಗಬೇಕೆಂದೆ.

"ಅಕ್ಕಾರ, ಹೊಸಾ ಪತ್ರಾದಾಗ ಸಂದ ಬಿಡು ಅಂತೀರಲ್ರಿ? ಮಂದಿ ನನಗ ನಗ್ತಾರ್ರಿ" ಎಂದ.

"ನಗೋರು ಬಂದ್ರ ನನ್ನ ಕಡೆ ಕಳಸ್ರಿ" ಎಂದೆ.

ಅವನು ಗೊಣಗುತ್ತಲೇ ಮಾಡಿದ. ಕೆಲಸ ಮಾತ್ರ ಅಚ್ಚುಕಟ್ಟು.

ಮಳೆಗಾಲ ಹಿಡಿಯಿತು. ಹದಿನೈದು ದಿನ ಮೋಡ ಬಿಡಲಿಲ್ಲ, ಜಿಟಿಜಿಟಿ ನಿಲ್ಲಲಿಲ್ಲ. ಅಟ್ಟದ ರೊಟ್ಟಿ ಮೆತ್ತಗಾಯಿತು. ಮುರಿಯಲು ಹೋದರೆ ಬಾಗುತ್ತಿತ್ತು. ಶುಕ್ರವಾರ ಕಲ್ಯಾಣಕುಮಾರನ ಫೋನು ಬಂತು.

"ಗುರಮ್ಮಕ್ಕ, ರೊಟ್ಟಿ ತೊಗಲ ಆದಂಗ ಆಗ್ಯಾವ್ರಿ. ಸೋಮವಾರನೂ ಹಿಂಗೇ ಬಂದ್ರ ನಾ ಬ್ಯಾರೆ ಕಡೆ ನೋಡಬೇಕಾಗ್ತದ. ಸಿಟ್ಟಾಗಬ್ಯಾಡ್ರಿ."

ಅತ್ತೆ ಫೋನು ಕೆಳಗಿಟ್ಟು, ಮೆತ್ತಗಾದ ರೊಟ್ಟಿಗಳನ್ನು ಬೇರೆ ಬುಟ್ಟಿಗೆ ಹಾಕತೊಡಗಿದರು. ಬೈದಿದ್ದರೆ ಎದುರು ಮಾತಾಡುತ್ತಿದ್ದೆ, ಅದು ನನಗೆ ಚೆನ್ನಾಗಿ ಬರುತ್ತದೆ. ಬೈಯಲಿಲ್ಲ.

"ಏನ ಮಾಡಿದ್ರೂ ಆ ಸಂದ್ಯಾಗಿಂದ ಥಂಡಿ ಒಳಗ ಬರಾಕತ್ತದ. ಮಿಸ್ತ್ರೀನ ಕರದು ಕಾಯಂ ಮುಚ್ಚಿಸಿಬಿಡೋಣು" ಎಂದರು ಮಾವ.

"ಒಂದು ತಾಸು ಕೊಡ್ರಿ ಮಾವ" ಎಂದು ಅಟ್ಟ ಹತ್ತಿದೆ.

ಒಳಗೆ ಕಾಲಿಟ್ಟರೆ ಬಚ್ಚಲಮನೆಯ ಹಾಗಿತ್ತು. ಪತ್ರಾದ ಒಳಮೈ ಪೂರ್ತಿ ಬೆವರಿ ಹನಿ ತೂಗುತ್ತಿದ್ದವು. ಊದಿನಕಡ್ಡಿ ಹಚ್ಚಿ ನೆತ್ತಿಯ ಕೆಳಗೆ ಹಿಡಿದೆ. ಹೊಗೆ ಮೇಲೇರಿತು, ಹೊರಗೆ ಹೋಗದೆ ಅಲ್ಲೇ ಸುತ್ತಿತು. ಹಗಲು ಹನ್ನೊಂದು ಗಂಟೆಗೆ ಸಂದಿಯಲ್ಲಿ ಬೆಳಕೇ ಇಲ್ಲ. ಜಾಳಿಗೆಯೊಳಗೆ ಬೆರಳು ತೂರಿಸಿದರೆ ಒದ್ದೆ ಚೀಲ ತಾಗಿತು.

ನಮ್ಮ ಪಕ್ಕದ ಭಾಗಮ್ಮನ ಮನೆ ಇನ್ನೂ ಮಣ್ಣಿನದೇ, ನಮ್ಮದಕ್ಕೆ ಹೊಂದಿಕೊಂಡೇ ಇದೆ. ಅವರ ಮಾಳಿಗೆಗೆ ಓಡಿ ನೋಡಿದೆ. ನಮ್ಮ ಪತ್ರಾದ ನೆತ್ತಿಯ ಉದ್ದಕ್ಕೂ, ಟೊಪ್ಪಿಗೆಯ ಎರಡೂ ಕಡೆ, ಗೊಬ್ಬರದ ಚೀಲಗಳನ್ನು ಒತ್ತೊತ್ತಾಗಿ ತುರುಕಲಾಗಿತ್ತು. ನನಗೆ ಮೈಯೆಲ್ಲ ಉರಿಯಿತು.

"ಮಾವ! ಯಾರ್ರಿ ಇದನ್ನ ಮಾಡಿದವ್ರು?"

ಮಾವ ಏಣಿ ಹತ್ತಿ ಬಂದು ಸಂತೋಷದಿಂದಲೇ ಹೇಳಿದರು. "ನಾನೇ ಅವ್ವಾ. ಮ್ವಾಡ ಬಂದಿತ್ತಲ್ಲ? ನೀವು ರೊಟ್ಟಿ ಬಡಿಯೂದರಾಗ ಇರ್ತೀರಿ, ಯಾರಿಗೂ ತ್ರಾಸ ಬ್ಯಾಡಂತ ನಾನೇ ಮುಚ್ಚೇನಿ. ಒಂದ ಹನಿ ಒಳಗ ಬಂದದೇನು ನೋಡು!"

ನಲವತ್ತು ವರ್ಷ ಮೋಡ ಕಂಡೊಡನೆ ಕಿಂಡಿ ಮುಚ್ಚಿದ ಮನುಷ್ಯ. ಅವರ ಕಾಲು ತಾನಾಗಿ ಏಣಿ ಹತ್ತಿತ್ತು. ನನಗೆ ಸಿಟ್ಟೂ ಬಂತು, ನಗುವೂ ಬಂತು, ಕೊನೆಗೆ ನಗುವೇ ಗೆದ್ದಿತು.

"ಮಾವ, ಇದು ಬೆಳಕಿಂಡಿ ಅಲ್ರಿ. ಇದಕ್ಕ ಟೊಪ್ಪಿಗಿ ಅದ. ಇದನ್ನ ಮುಚ್ಚಿದ್ರ ಒಲಿ ಹಬಿ ಅಟ್ಟದಾಗೇ ಉಳದು ರೊಟ್ಟಿ ಮೆತ್ತಗಾಗ್ತಾವ. ನೀವು ಊದಿನಕಡ್ಡಿ ಹಚ್ಗೊಂಡು ಅಟ್ಟದಾಗ ಕುಂದ್ರಿ, ನಾ ಮ್ಯಾಲಿಂದ ಕೊಡಪಾನ ನೀರ ಸುರಿತೇನಿ. ಒಂದು ಹನಿ ನಿಮ್ಮ ಮ್ಯಾಲ ಬಿದ್ರ ನಾನೇ ಮುಚ್ಚಸ್ತೇನಿ."

ಪತ್ರಾದ ಮೇಲೆ ಹತ್ತಿ, ಚೀಲಗಳನ್ನೆಲ್ಲ ಕಿತ್ತೆಸೆದು ನೀರು ಸುರಿದೆ. ಒಂದು ಕೊಡಪಾನ, ಎರಡು, ಮೂರು. ಭಾಗಮ್ಮ ತನ್ನ ಮನೆಯಿಂದ ಇನ್ನೆರಡು ತಂದುಕೊಟ್ಟಳು. ಕೆಳಗಿನಿಂದ ಮಾವನ ದನಿ ಬಂತು.

"ಸಾಕವ್ವಾ, ಸಾಕು! ಧೋತರ ಒಣಗೇ ಅದ. ಆದ್ರ ಈ ಊದಿನಕಡ್ಡಿ ಹೊಗಿ ಎಲ್ಲಿ ಹೊಂಟದ?"

ಹೊಗೆ ನನ್ನ ಮುಖದ ಮುಂದೆಯೇ ನೆತ್ತಿಯ ಸಂದಿಯಿಂದ ನೆಟ್ಟಗೆ ಹೊರಬರುತ್ತಿತ್ತು. ಕೊಡಪಾನ ಹಿಡಿದುಕೊಂಡೇ ಕೇಕೆ ಹಾಕಿದೆ.

ಶನಿವಾರದ ಹೊತ್ತಿಗೆ ಪತ್ರಾದ ಬೆವರು ಆರಿತು. ಅಂದು ಅತ್ತೆ ಹೊಸದಾಗಿ ಇನ್ನೂರು ರೊಟ್ಟಿ ಬಡಿದರು. ಭಾನುವಾರ ಪೂರ್ತಿ ಮಳೆ. ಸೋಮವಾರ ಬೆಳಿಗ್ಗೆ ಅತ್ತೆ ಅಟ್ಟದಿಂದ ಒಂದು ರೊಟ್ಟಿ ತಂದು, ಚಹಾ ಕುಡಿಯುತ್ತಿದ್ದ ಮಾವನ ಕಿವಿಯ ಹತ್ತಿರ ಹಿಡಿದು ಮುರಿದರು. ಕಟಕ್! ಮಾವನ ಕೈಯ ಚಹಾ ಕಪ್ಪಿನ ಕೆಳಗಿನ ಬಸಿಗೆ ಚೆಲ್ಲಿತು. ಅತ್ತೆ ಇನ್ನೊಂದು ಮುರಿದರು, ಮತ್ತೊಂದು ಮುರಿದರು. "ಸಾಕ್ರೀ ಅತ್ತಿ, ಖಾನಾವಳಿಗೆ ಉಳಸ್ರಿ" ಎಂದು ನಾನೇ ಕೈ ಹಿಡಿಯಬೇಕಾಯಿತು. ಅವರ ಕಣ್ಣು ತುಂಬಿದ್ದವು.

ಮಧ್ಯಾಹ್ನ ರೊಟ್ಟಿ ಮುಟ್ಟಿದೊಡನೆ ಕಲ್ಯಾಣಕುಮಾರನ ಫೋನು ಬಂತು. ಶ್ರಾವಣಕ್ಕೆ ಎರಡು ಪಟ್ಟು ರೊಟ್ಟಿ ಬೇಕಂತೆ. "ನೋಡ್ತೀವಪ್ಪಾ, ಪುರುಸೊತ್ತು ಸಿಗಬೇಕಲ್ಲ" ಎಂದರು ಅತ್ತೆ, ನನ್ನ ಕಡೆ ಕಣ್ಣು ಹೊಡೆದು.

ಸಂಜೆ ಮತ್ತೆ ಕಪ್ಪಗೆ ಮೋಡ ಕವಿಯಿತು. ನೋಡುತ್ತೇನೆ, ಮಾವ ಕೈಯಲ್ಲಿ ಗೊಬ್ಬರದ ಚೀಲ ಹಿಡಿದು ಏಣಿ ಹತ್ತುತ್ತಿದ್ದಾರೆ! ನಾನೂ ಹಿಂದೆಯೇ ಓಡಿದೆ.

ಮಾವ ಭಾಗಮ್ಮನ ಮಾಳಿಗೆಯ ಮೇಲೆ ನಿಂತಿದ್ದರು. ಚೀಲವನ್ನು ಕೊಪ್ಪೆಯಂತೆ ಮಡಚಿ ತಲೆಯ ಮೇಲೆ ಹಾಕಿಕೊಂಡಿದ್ದರು. ಭಾಗಮ್ಮ ತನ್ನ ಬೆಳಕಿಂಡಿಗೆ ಕಲ್ಲು ಇಡುತ್ತಿದ್ದಳು. ಅಷ್ಟರಲ್ಲೇ ಶುರುವಾದ ಮಳೆಯಲ್ಲಿ ಮಾವ ನಮ್ಮ ಪತ್ರಾದ ನೆತ್ತಿಯ ಕಡೆ ಕೈ ತೋರಿಸಿ ಅವಳಿಗೆ ಹೇಳುತ್ತಿದ್ದರು:

"ನಮ್ಮದು ಮುಚ್ಚೂ ಕೆಲಸ ಇಲ್ಲಬೇ. ನಮ್ಮ ಸೊಸಿ ಶಿವಗಂಗಾ ಹೇಳಿ ಮಾಡಿಸ್ಯಾಳ."