ಪಟ್ಟಿಗೋಡೆ

"ಅಲ್ಲಿ ಮೊಳೆ ಹೊಡೀಬ್ಯಾಡಿ, ಪಟ್ಟಿಗೇ ಕಟ್ಬುಡಿ," ಎಂದು ಸುಧಾ ಗಂಡನ ಕೈಯಿಂದ ಸುತ್ತಿಗೆ ಇಸಿದುಕೊಂಡಳು.

ಅತ್ತೆ ಚನ್ನಾಜಮ್ಮನಿಗೆ ಸ್ನಾನ ಮಾಡಿಸಿ, ಹಣೆಗೂ ತೋಳಿಗೂ ವಿಭೂತಿ ಬಳಿದು, ಕಾಲು ಮಡಿಸಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಸತ್ತವರನ್ನು ಮಲಗಿಸುವ ಪದ್ಧತಿ ಅವರಲ್ಲಿಲ್ಲ. ಕೂತೇ ಮಣ್ಣಿಗೆ ಹೋಗಬೇಕು. ಕತ್ತು ವಾಲದಂತೆ ಹಣೆಗೊಂದು ಬಟ್ಟೆ ಕಟ್ಟಿ ಗೋಡೆಯ ಮೊಳೆಗೆ ಬಿಗಿಯುತ್ತಾರೆ. ಆದರೆ ಈ ಗೋಡೆಯಲ್ಲಿ ಗಾರೆ ಕಾಣುತ್ತಿರಲಿಲ್ಲ. ನೆಲದಿಂದ ಸೂರಿನವರೆಗೆ ಎರಡು ಬೆರಳಗಲದ ಮರದ ಪಟ್ಟಿಗಳು, ನಡುನಡುವೆ ಸಣ್ಣ ಸಂದು, ಸಂದಿನ ಹಿಂದೆ ಕರಿ ಕಂಬಳಿ. ಗಂಡ ನಂಜುಂಡೇಶ ಒಂದು ಪಟ್ಟಿಯ ಹಿಂದೆ ಬಟ್ಟೆ ತೂರಿಸಿ ತಾಯಿಯ ತಲೆಯನ್ನು ನೆಟ್ಟಗೆ ನಿಲ್ಲಿಸಿದ.

ಮೊದಲ ಬಸ್ಸಿಗೆ ಗುಂಡ್ಲುಪೇಟೆಯಿಂದ ಬಂದಿದ್ದ ಚನ್ನಾಜಮ್ಮನ ಮಗಳು ಶೋಭಾರಾಣಿ ಬಾಗಿಲಲ್ಲೇ ನಿಂತು ನೋಡಿದಳು. "ನಮ್ಮವ್ವನ ಬಾಯಿ ಮುಚ್ಚಿದ ಗ್ವಾಡೆಗೇ ಕಟ್ಟಾಕಿ ಕೂರಿಸಿದ್ದೀರಲ್ಲ. ಆಯ್ತು, ನಿಮ್ಗೆ ಒಳ್ಳೇದಾಗ್ಲಿ."

ಸುಧಾ ಸುತ್ತಿಗೆಯನ್ನು ಮೂಲೆಗಿಟ್ಟಳು. ದೂರದ ಬೆಟ್ಟ ನುಣ್ಣಗೆ. ವರ್ಷಕ್ಕೆರಡು ಸಲ ಬಾಳೆಹಣ್ಣು ಹಿಡಿದು ಬರುವವರಿಗೆ ಇಡೀ ದಿನದ ಕೂಗು ಏನು ಗೊತ್ತು? ನಾದಿನಿಯ ಬಾಯಿಗಾದರೂ ಏನೋ ಒಂದು ಹೇಳಿ ದಾಟಿಕೊಳ್ಳಬಹುದು. ಆದರೆ ಗೋಡೆ ಮಾಡಿಸಿದ್ದು ಸರಿಯೋ ತಪ್ಪೋ ಎಂದು ತನ್ನ ಮನಸ್ಸು ಕೇಳಿದಾಗಲೆಲ್ಲ ಸುಧಾಗೆ ಉತ್ತರ ಸಿಕ್ಕಿರಲಿಲ್ಲ. ಇವತ್ತಾದರೂ ಯಾರಾದರೊಬ್ಬರು "ನಿಂದೇನೂ ತಪ್ಪಿಲ್ಲ ಬುಡವ್ವ" ಅಂದಾರೆಂದು ಅವಳು ಬೆಳಗಿನಿಂದ ಬಂದವರ ಮುಖ ಮುಖ ನೋಡುತ್ತಿದ್ದಳು.

ಅಂಗಳದಲ್ಲಿ ಬಿದಿರಿನ ಮಂಟಪ ಕಟ್ಟುತ್ತಿದ್ದರು. ಗೂಡಲೂರು ಮಾರ್ಕೆಟ್ಟಿನಲ್ಲಿ ಚನ್ನಾಜಮ್ಮನ ಪಕ್ಕದ ಅಂಗಡಿಯ ಗುರುಸ್ವಾಮಿ ಹಗ್ಗ ಬಿಗಿಯುತ್ತ, "ಏನ್ ಕಂಠ ಅಂತೀರಿ! ಇವಮ್ಮ ಬೀನ್ಸು ಅಂದ್ರೆ, ಬಸ್ ಸ್ಟ್ಯಾಂಡಲ್ಲಿ ಇಳಿಯೋರು ಅಲ್ಲೇ ಚೀಲ ಬುಡಿಸೋರು. ತೂಕದಲ್ಲಿ ಒಂದ್ ಕಾಳು ಮೋಸ ಇಲ್ಲ," ಎಂದ.

ಸತ್ತ ಎಮ್ಮೆಗೆ ಹತ್ತು ಸೇರು ಹಾಲು. ತಕ್ಕಡಿಯ ಕೆಳಗೆ ಅತ್ತೆಯ ಹೆಬ್ಬೆರಳು ಏನೇನು ಕೆಲಸ ಮಾಡುತ್ತಿತ್ತೆಂದು ಸುಧಾಗೆ ಗೊತ್ತಿತ್ತು. ಆ ಹೆಬ್ಬೆರಳೇ ಈ ಮನೆ ಕಟ್ಟಿದ್ದು, ನಂಜುಂಡೇಶನನ್ನು ಓದಿಸಿದ್ದು. ಅವಳು ಬಗ್ಗಿ ಅತ್ತೆಯ ಸೆರಗು ಸರಿಪಡಿಸಿದಳು.

*

ಲಕ್ವ ಹೊಡೆದ ಮೇಲೆ ಚನ್ನಾಜಮ್ಮ ಮಗನ ಹೆಸರು ಮರೆತಳು, ಸೊಸೆಯನ್ನು ಮರೆತಳು, ಮಾರ್ಕೆಟ್ಟನ್ನು ಮಾತ್ರ ಮರೆಯಲಿಲ್ಲ. ಬೆಳಕು ಹರಿಯುವ ಮೊದಲೇ ಗೋಡೆ ಪಕ್ಕದ ಮಂಚದಲ್ಲಿ ಎದ್ದು ಕೂತು ಶುರು ಮಾಡುವಳು: "ಬೀನ್ಸಮ್ಮಾ ಬೀನ್ಸೂ... ತುಮ್ಮನಟ್ಟಿ ಕ್ಯಾರೆಟ್ಟೂ... ಎಳೇ ಕೋಸೂ..." ಸಂಜೆವರೆಗೂ ಅದೇ. ನಡುವೆ ತುಸು ಸುಮ್ಮನಾಗುವಳು. ಆಮೇಲೆ, "ಆಗಾಕಿಲ್ಲ ತಾಯಿ, ನಂಗೇ ಗಿಟ್ಟಾಕಿಲ್ಲ," ಎಂದು ಗದರಿ ನಗುವಳು. ಹಿಂದಿನ ಅಡುಗೆಮನೆಯಲ್ಲಿ ರುಬ್ಬುತ್ತಿದ್ದ ಸುಧಾ, ಗಾಳಿಯ ಹತ್ತಿರ ಚೌಕಾಸಿ ನಡೆದಿದೆ ಅಂದುಕೊಳ್ಳುತ್ತಿದ್ದಳು.

ಒಂದು ದಿನ ಪಕ್ಕದ ಮನೆಯ ಜಯರಾಮನ್ ಬಂದರು. ಎರಡು ಮನೆಗೂ ಒಂದೇ ಗೋಡೆ. ಟೀ ಫ್ಯಾಕ್ಟರಿಯಲ್ಲಿ ಕೆಲಸ, ಸಂಕೋಚದ ಮನುಷ್ಯ. "ತಪ್ಪು ತಿಳೀಬೇಡಿ. ನನ್ನ ಮಗಳು ತೇನ್ಮೊಳಿಗೆ ಈ ವರ್ಷ ಪ್ಲಸ್ ಟೂ. ಬೆಳಗ್ಗೆ, ಸಂಜೆ ಓದೋಕೆ ಕೂತ್ರೆ ಬೀನ್ಸ್, ಕ್ಯಾರೆಟ್ಟೇ ಕೇಳ್ತದೆ," ಎಂದು ಅರ್ಧ ನಕ್ಕು ಹೋದರು.

ಸುಧಾಗೆ ನೆಲ ಬಿರಿಯಬಾರದೇ ಅನ್ನಿಸಿತು. ನಿಜ ಹೇಳಬೇಕೆಂದರೆ ಗೋಡೆ ಮಾಡಿಸಲು ತೇನ್ಮೊಳಿಯ ಪರೀಕ್ಷೆ ಅರ್ಧ ನೆಪ. ಸುಧಾಗೆ ಸುಸ್ತಾಗಿತ್ತು. ಆ ಕೂಗು ತನ್ನೊಬ್ಬಳ ಕಿವಿಗಾದರೆ ಹೇಗೋ ತಡೆದುಕೊಳ್ಳಬಹುದು, ಬೇರೆಯವರ ಕಿವಿಗೂ ಹೋಗುತ್ತದೆಂಬ ನಾಚಿಕೆಯನ್ನು ತಡೆಯಲಾಗುತ್ತಿರಲಿಲ್ಲ.

ಬಡಗಿ ಮಹಾಲಿಂಗಂ ಕೊಯಮತ್ತೂರಿನಲ್ಲಿ ಹಾಡು ರೆಕಾರ್ಡ್ ಮಾಡುವ ಕೋಣೆಯೊಂದಕ್ಕೆ ಕೆಲಸ ಮಾಡಿದ್ದ. "ಹಿಂದೆ ದಪ್ಪಗೆ ಕಂಬಳಿ ತುಂಬಿ, ಮುಂದೆ ಪಟ್ಟಿ ಹೊಡೆದ್ರೆ ಶಬ್ದ ಅಲ್ಲೇ ಸಾಯ್ತದಮ್ಮ," ಎಂದ. ಎಸ್ಟೇಟಿನಲ್ಲಿ ಕಡಿದ ಸಿಲ್ವರ್ ಓಕ್ ಮರ ಬಂತು. ಮಹಾಲಿಂಗಂ ಪಟ್ಟಿ ಹೊಡೆಯುವಷ್ಟು ದಿನವೂ ಚನ್ನಾಜಮ್ಮ ಅವನಿಗೆ ಬೀನ್ಸ್ ಮಾರಿದಳು. ಕೆಲಸ ಮುಗಿದಾಗ ಕೋಣೆ ಚೆಂದವೇ ಆಗಿತ್ತು. ಮಾತಾಡಿದರೆ ಮಾತ್ರ ಮುಸುಕು ಹಾಕಿಕೊಂಡು ಮಾತಾಡಿದ ಹಾಗೆ.

ಅತ್ತೆ ಕೂಗಿದಳು. ಸುಮ್ಮನಾದಳು. ಮತ್ತೆ ಕೂಗಿ, ಕಿವಿಗೊಟ್ಟು ಕೂತಳು. ಅಂಗೈಯಿಂದ ಪಟ್ಟಿಯನ್ನು ತಟ್ಟಿದಳು. ದಿನ ಕಳೆದಂತೆ ದನಿ ಇಳಿಯಿತು, ತಿಂಗಳೆರಡರಲ್ಲಿ ನಿಂತೇಹೋಯಿತು. ಮುದುಕಿ ಹಣ್ಣಾಯಿತು ಎಂದರು ಎಲ್ಲರೂ. ಸುಧಾ ವರ್ಷಗಳ ಮೇಲೆ ಮಧ್ಯಾಹ್ನ ಕಣ್ತುಂಬ ನಿದ್ದೆ ಮಾಡಿದಳು. ಎದ್ದಾಗ ಎಷ್ಟು ಸುಖವೆನಿಸಿತೆಂದರೆ, ಆ ಸುಖಕ್ಕೇ ಅವಳಿಗೆ ಹೆದರಿಕೆಯಾಯಿತು.

*

ಹೊತ್ತು ನೆತ್ತಿಗೇರುವಾಗ ಜಯರಾಮನ್ ಮತ್ತು ಮಹಾಲಿಂಗಂ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿಕೊಂಡು ಒಳಗೆ ಬಂದರು. ಕುರ್ಚಿಯಲ್ಲಿ ಜಯರಾಮನ್ ಅವರ ತಾಯಿ ಪೊನ್ನಮ್ಮ. ಸೊಂಟ ಮುರಿದ ಮೇಲೆ ಆಕೆ ಹೊಸ್ತಿಲು ದಾಟಿದ್ದನ್ನು ಯಾರೂ ಕಂಡಿರಲಿಲ್ಲ. ತೊಡೆಯ ಮೇಲೆ ಮಡಿಸಿದ ಬಟ್ಟೆ ಚೀಲ.

ಪೊನ್ನಮ್ಮ ಬಹಳ ಹೊತ್ತು ಚನ್ನಾಜಮ್ಮನ ಮುಖ ನೋಡಿದಳು. ಆಮೇಲೆ ಸುಧಾಳನ್ನು ಹತ್ತಿರ ಕರೆದಳು. "ಅಕ್ಕನಿಗೆ ನನ್ನ ಮೇಲೆ ಏನಮ್ಮಾ ಕೋಪ?"

"ಕೋಪ ಯಾಕೆ ಪಾಟಿ?" ತೇನ್ಮೊಳಿಯಂತೆ ಸುಧಾಳೂ ಅಜ್ಜಿಯನ್ನು ಪಾಟಿ ಎಂದೇ ಕರೆಯುತ್ತಿದ್ದಳು.

"ಹಗಲೆಲ್ಲಾ ಮನೇಲಿ ನಾನೊಬ್ಬಳೇ. ಅಕ್ಕ ಬೀನ್ಸ್ ಅಂತ ಕೂಗಿದ್ರೆ, ನಾನು ಮಂಚದಿಂದಲೇ ಎಷ್ಟು ಅಂತ ಕೇಳೋದು. ಜಾಸ್ತಿ ಆಯ್ತು ಅಂದ್ರೆ ಅಕ್ಕ ಬೈಯೋದು. ಮಾರ್ಕೆಟ್‌ನಲ್ಲೂ ಹಾಗೇ ಬೈತಿತ್ತು. ನಂಗೂ ಹೊತ್ತು ಹೋಗ್ತಿತ್ತು." ಆಕೆ ಚೀಲವನ್ನು ಬಿಡಿಸಿ ಮತ್ತೆ ಮಡಿಸಿದಳು. "ಒಂದು ದಿನ ಕೊತ್ತಂಬರಿ ಪುಕ್ಕಟೆ ಹಾಕು ಅಂದೆ. ಮಾರನೇ ದಿನದಿಂದ ಸುತ್ತಿಗೆ ಸದ್ದು, ಅದು ನಿಂತ ಮೇಲೆ ಅಕ್ಕ ಮಾತೇ ಬಿಟ್ಟುಬಿಡ್ತು. ನಾನು ಕೂಗ್ದೆ, ಕೂಗ್ದೆ. ಒಂದು ಕಟ್ಟು ಸೊಪ್ಪಿಗೆ ಇಷ್ಟು ಕೋಪನಾ?"

"ಅಮ್ಮಾ, ನನಗೆ ಒಂದು ಮಾತು ಹೇಳ್ಲಿಲ್ಲವಲ್ಲ," ಎಂದರು ಜಯರಾಮನ್. ಅವರ ಮುಖ ಸಣ್ಣಗಾಗಿತ್ತು.

"ನೀನು ಮನೇಲಿ ಎಲ್ಲಿದ್ದೆ ಹೇಳೋಕೆ?"

ಅತ್ತೆ ಕೂಗಿ ಸುಮ್ಮನಾಗುತ್ತಿದ್ದುದು ಯಾಕೆಂದು ಸುಧಾಗೆ ಈಗ ತಿಳಿಯಿತು. "ಕೋಪ ಅಲ್ಲ ಪಾಟಿ. ಅವ್ರಿಗೆ ನಿಮ್ಮ ದನಿ ಕೇಳಿಸ್ತಿರಲಿಲ್ಲ. ಈ ಪಟ್ಟಿ ಹೊಡಿಸ್ದೋಳು ನಾನು."

ಪೊನ್ನಮ್ಮ ಗೋಡೆಯನ್ನು ಮೇಲಿನಿಂದ ಕೆಳಗೆ ನೋಡಿದಳು. "ಅಕ್ಕ ಕೂಗ್ತಿತ್ತಾ?"

"ಕೂಗ್ತಿದ್ರು. ಕೂಗಿ ಕೂಗಿ ಆಮೇಲೆ ನಿಲ್ಲಿಸ್ಬುಟ್ರು."

ಶೋಭಾರಾಣಿ ಈಗ ಏನಾದರೂ ಅಂದೇ ಅನ್ನುವಳೆಂದು ಸುಧಾ ಕಾದಳು. ಅವಳು ತಾಯಿಯ ಹಣೆಯ ಮೇಲೆ ಅಳಿಸಿದ್ದ ವಿಭೂತಿಯನ್ನು ಬೆರಳಿನಿಂದ ತೀಡಿದಳು.

ಅಯ್ಯನವರು ಮಂತ್ರ ಮುಗಿಸಿ ಎತ್ತಿರೆಂದರು. ಹಣೆಯ ಬಟ್ಟೆಯ ಗಂಟು ಪಟ್ಟಿಯ ಹಿಂದೆ ಬಿಗಿದುಕೊಂಡು ಬಿಚ್ಚಲಾಗಲಿಲ್ಲ. ನಂಜುಂಡೇಶ ಚಾಕು ತಂದ.

"ಬಟ್ಟೆ ಕುಯ್ಯಬ್ಯಾಡಿ," ಎಂದಳು ಸುಧಾ. ಬೆಳಿಗ್ಗೆ ತಾನೇ ಇಸಿದುಕೊಂಡಿದ್ದ ಸುತ್ತಿಗೆಯ ಸೀಳುಬಾಯನ್ನು ಪಟ್ಟಿಯ ಸಂದಿಗೆ ಹಾಕಿ ಮೀಟಿದಳು. "ಹೊತ್ತಾಯ್ತದೆ ಕಣವ್ವ," ಎಂದ ಗುರುಸ್ವಾಮಿ. ಅವಳು ಮತ್ತೊಮ್ಮೆ ಮೀಟಿದಳು. ಮೊಳೆ ಕಿರುಗುಟ್ಟಿ ಪಟ್ಟಿ ಕಿತ್ತು ಬಂತು.

*

ಮಣ್ಣಿಗೆ ಹೋದವರು ಇನ್ನೂ ಬಂದಿರಲಿಲ್ಲ. ಸುಧಾ ಕೋಣೆ ತೊಳೆದು, ಅತ್ತೆ ಕೂತಿದ್ದ ಜಾಗದಲ್ಲಿ ದೀಪ ಹಚ್ಚಿದಳು. ಆಮೇಲೆ ಅಕ್ಕಪಕ್ಕದ ಪಟ್ಟಿಗಳನ್ನೂ ಒಂದೊಂದಾಗಿ ಕಿತ್ತಳು. ಕಂಬಳಿಯನ್ನು ಎಳೆದು ಹಾಕಿದಾಗ ಹಳೆಯ ಹಸಿರು ಸುಣ್ಣದ ಗೋಡೆ ಕಂಡಿತು, ಅದರ ಮೇಲೆ ಅತ್ತೆ ತಲೆಯೊರಗಿಸಿ ಆಗಿದ್ದ ಎಣ್ಣೆಯ ಕಲೆ.

ಮಂಚದ ಮೇಲೆ ಕೂತು ಆ ಕಲೆಯ ಹತ್ತಿರ ಬಾಯಿಟ್ಟಳು. ಗಂಟಲು ಸರಿ ಮಾಡಿಕೊಂಡಳು.

"ಬೀನ್ಸಮ್ಮಾ ಬೀನ್ಸೂ... ತುಮ್ಮನಟ್ಟಿ ಕ್ಯಾರೆಟ್ಟೂ..."

ಆಚೆ ಕಡೆ ಮಂಚ ಅಲುಗಿದ ಸದ್ದಾಯಿತು. ಆಮೇಲೆ ಸಣ್ಣ ದನಿ.

"ಕೊತ್ತಂಬರಿ ಪುಕ್ಕಟೆ ಹಾಕ್ತೀಯಾ?"

"ಹಾಕ್ತೀನಿ. ಚೀಲ ಅಗಲಿಸಿ ಹಿಡ್ಕೊಳ್ಳಿ," ಎಂದು ಸುಧಾ ಬರಿಗೈ ಎರಡನ್ನೂ ಗೋಡೆಯ ಕಡೆ ಚಾಚಿದಳು.