ಏನೂ ಕಾಣದ ಫಿಲಂ

ಲಕ್ಷ್ಮಿದೇವಮ್ಮನ ತರ್ಕದಲ್ಲಿ ಲೋಪವಿರಲಿಲ್ಲ. ಮೊಮ್ಮಗಳು ಪಂಕಜಳ ಮೆದುಳಿನಲ್ಲಿ ದೋಷ ಕಂಡರೆ ಅದು ದೇವರ ಕೆಲಸ. ಕಾಣದಿದ್ದರೆ ಸೊಸೆಯ ಕೆಲಸ. ಏಳು ವರ್ಷವಾದರೂ ಮಾತಾಡದೆ, ಯಾರ ಮುಖವನ್ನೂ ನೋಡದೆ, ದಿನವಿಡೀ ತಟ್ಟೆ ತಿರುಗಿಸುವ ಹುಡುಗಿಯನ್ನು ಹಾಗೆ ಮಾಡಿದವಳು ಸೊಸೆ ಇಂದ್ರಮ್ಮ ಎಂದಾದರೆ, ಮಗ ಉಗ್ರಪ್ಪನಿಗೆ ಇನ್ನೊಂದು ಮದುವೆ. ಕುರುಬರಹಳ್ಳಿಯಲ್ಲಿ ಮರದ ಡಿಪೋ ಇಟ್ಟಿದ್ದ ಉಗ್ರಪ್ಪ ಇದಕ್ಕೆ ಒಪ್ಪಿದ್ದ. ಒಪ್ಪುವುದು ಅವನಿಗೆ ಯಾವತ್ತೂ ಕಷ್ಟವಾಗಿರಲಿಲ್ಲ.

ಹಾಗಾಗಿ ೧೯೮೬ರ ಆಷಾಢದಲ್ಲಿ, ಆಸ್ಪತ್ರೆಯ ಸ್ಕ್ಯಾನ್ ಕೋಣೆಯ ಹೊರಗೆ ಕೂತು, ಮಗಳ ತಲೆಯೊಳಗೆ ಏನಾದರೂ ಕೆಟ್ಟಿರಲಪ್ಪ ಎಂದು ಹರಕೆ ಹೊತ್ತ ತಾಯಿ ಇಂದ್ರಮ್ಮ ಒಬ್ಬಳೇ ಇರಬೇಕು.

ಆಟಿಸಮ್ ಇರುವ ಮಕ್ಕಳ ಮೆದುಳಿನ ರಚನೆಯ ಬಗ್ಗೆ ಅಧ್ಯಯನ ನಡೆಸುತ್ತಿದ್ದ ಡಾಕ್ಟರ್ ಸೇತುರಾಮ, ಪಂಕಜಳ ಸ್ಕ್ಯಾನ್ ಫಿಲಂ ಅನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ನಕ್ಕರು.

"ಗುಡ್ ನ್ಯೂಸ್ ಅಮ್ಮ. ಏನೂ ಇಲ್ಲ."

"ಸರಿಯಾಗಿ ನೋಡಿ ಸಾರ್. ಇಲ್ಲಿ ಕಪ್ಪಗೈತಲ್ಲ?"

"ಅದು ನೀರಿರೋ ಜಾಗ. ನಿಮಗೂ ಇದೆ, ನನಗೂ ಇದೆ."

"ಇವಳದು ಸ್ವಲ್ಪ ದೊಡ್ಡದಲ್ವಾ?"

"ಐವತ್ತು ಮಕ್ಕಳದು ಅಳೆದು ಸರಾಸರಿ ತೆಗೆದ್ರೆ ಕೂದಲೆಳೆಯಷ್ಟು ವ್ಯತ್ಯಾಸ ಕಂಡ್ರೂ ಕಾಣಬಹುದು. ಒಂದು ಮಗು ಹಿಡ್ಕೊಂಡು ಹೇಳಕ್ಕಾಗಲ್ಲ."

"ಆ ಕೂದಲೆಳೆನೇ ಬರ್ಕೊಡಿ ಸಾರ್. ನಮ್ಮತ್ತೆ ಅಳತೆ ಕೇಳಲ್ಲ."

ಸೇತುರಾಮ ಪ್ರಾಮಾಣಿಕರು. ನಾರ್ಮಲ್ ಎಂದೇ ಬರೆದರು. "ಸಂತೋಷಪಡೋದು ಬಿಟ್ಟು ಅಳ್ತಾರೇನ್ರಿ?" ಎಂದು ಗದರಿದರು. ಅಧ್ಯಯನದ ಹಾಳೆಯಲ್ಲಿ ತಾಯಿಗೂ ಒಂದು ಕಾಲಂ ಇತ್ತು. ಅಲ್ಲಿ, 'ಮಗುವಿನ ಮೇಲೆ ಮಮತೆ ಕಡಿಮೆ' ಎಂದು ತುಂಬಿದರು.

ಶ್ರಾವಣದಲ್ಲಿ ಅತ್ತಿಗುಪ್ಪೆಯಿಂದ ಹೆಣ್ಣಿನ ಕಡೆಯವರು ಬಂದರು. ಹೆಣ್ಣಿನ ಸೋದರಮಾವ ಕೆಂಪಯ್ಯ ನೇರ ಮನುಷ್ಯ.

"ಮೊದಲನೇದು ಹಿಂಗೈತೆ. ನಾಳೆ ನಮ್ಮ ಹುಡುಗಿಗೆ ಹುಟ್ಟೋದೂ ತಟ್ಟೆ ತಿರುಗಿಸ್ತಾ ಕೂತ್ರೆ?"

ಲಕ್ಷ್ಮಿದೇವಮ್ಮ ಮಗನ ಜಾತಕದ ಜೊತೆಗೇ ಇಟ್ಟಿದ್ದ ಫಿಲಂ ತೆಗೆದುಕೊಟ್ಟಳು. "ನೀವೇ ನೋಡ್ಕೊಳಿ. ಮಿಷನ್ನೇ ಹೇಳೈತೆ. ನಮ್ಮ ವಂಶದಲ್ಲಿ ಐಬಿಲ್ಲ. ಸಾಕಿದ ಕೈ ಸರಿಯಿಲ್ಲ, ಅಷ್ಟೆ."

ಕೆಂಪಯ್ಯ ಫಿಲಂ ಅನ್ನು ಕಿಟಕಿಗೆ ಹಿಡಿದು, ಸೈಟಿನ ನಕ್ಷೆ ನೋಡುವವನಂತೆ ಒಂದೊಂದೇ ಚೌಕ ಪರೀಕ್ಷಿಸಿದ. "ಚೆನ್ನಾಗೈತೆ" ಎಂದ. ಆಮೇಲೆ ಉಪ್ಪಿಟ್ಟು ತಂದಿಟ್ಟು ಒಳಗೆ ಹೋಗುತ್ತಿದ್ದ ಇಂದ್ರಮ್ಮನ ಕಡೆ ಗಲ್ಲ ಎತ್ತಿ ಕೇಳಿದ: "ಮದುವೆ ಆದ್ಮೇಲೆ ಇವರು ತವರಿಗಾ?"

"ಎಲ್ಲಾದ್ರೂ ಉಂಟೇ!" ಎಂದಳು ಲಕ್ಷ್ಮಿದೇವಮ್ಮ. "ಇಲ್ಲೇ ಬಿದ್ದಿರ್ತಾಳೆ. ಬೇರೆ ಯಾರ ಕೈಲೂ ಅದು ಅನ್ನ ತಿನ್ನಲ್ಲ."