ನಾಲ್ಕು ಬೆರಳಿನ ಸಂದು

ಮೇಜಿನ ರೆಕ್ಸಿನ್ನು ಬೆನ್ನಿಗೆ ತಣ್ಣಗೆ ತಾಗುತ್ತಿದೆ, ಮೇಲೆ ಫ್ಯಾನು ಮೂರು ಸುತ್ತಿಗೊಮ್ಮೆ ಟಕ್ ಅನ್ನುತ್ತದೆ, ಸಂಗೀತ ಅದನ್ನೇ ಕೇಳುತ್ತಾಳೆ, ಕೇಳುತ್ತಿದ್ದರೆ ಕಾಲಿನ ಕಡೆ ಮನಸ್ಸು ಹೋಗುವುದಿಲ್ಲ ಅಂತ — ಎಡಮೊಣಕಾಲು ಎದೆಗೆ ಅವುಚಿಕೋ, ಬಲಗಾಲು ಅಂಚಿನಿಂದ ಸುಮ್ಮನೆ ಇಳಿಬಿಡು ಅಂದಿದ್ದಾರೆ ಫಿಸಿಯೋ ಗಂಗಾಶ್ರೀ ಮೇಡಂ, ಇಳಿಬಿಟ್ಟಿದ್ದಾಳೆ, ಆದರೆ ತೊಡೆ ಮೇಜಿಗೆ ತಾಗುತ್ತಿಲ್ಲ, ಮೊದಲು ಎಡಗಾಲು ಇಳಿಬಿಟ್ಟಾಗ ಆ ತೊಡೆ ಒದ್ದೆ ಬಟ್ಟೆಯ ಹಾಗೆ ಬಿದ್ದುಕೊಂಡಿತ್ತು, ಇದು ಮಾತ್ರ ಮೇಲೆಯೇ ನಿಂತಿದೆ, ಮಧ್ಯೆ ನಾಲ್ಕು ಬೆರಳಿನ ಸಂದು. ಶಿಕಾರಿಪುರದ ಕ್ರೀಡಾಂಗಣದ ಈ ಕೋಣೆಗೆ ಖೋಖೋ ತಂಡದ ಹುಡುಗಿಯರನ್ನು ಒಬ್ಬೊಬ್ಬರಾಗಿ ಕರೆಯುತ್ತಾರೆ, ಕುಕ್ಕರುಗಾಲಲ್ಲಿ ಕೂರಿಸಿ, ಏಳಿಸಿ, ಕಾಲು ಮಡಿಸಿ ತಿರುಗಿಸಿ, ಯಾರ ಸೊಂಟ ಎಷ್ಟು ಸಡಿಲ ಅಂತ ಬರೆದುಕೊಳ್ಳುತ್ತಾರೆ, ಮುಂದಿನ ತಿಂಗಳು ರಾಜ್ಯಮಟ್ಟದ ಪಂದ್ಯ, ಈ ಹಾಳೆಯಲ್ಲಿ ಪಾಸಾದವರಷ್ಟೇ ಹೋಗುವುದು — ಒಬ್ಬೊಬ್ಬರಾಗಿ ಕರೆದದ್ದೇ ಎಡವಟ್ಟಾಯಿತು, ಗುಂಪಿನಲ್ಲಾಗಿದ್ದರೆ ತಪ್ಪಿಸಿಕೊಳ್ಳುತ್ತಿದ್ದಳು, ಅಪ್ಪ ಲೋಕಪ್ಪ ಶಿರಾಳಕೊಪ್ಪದ ಸಂತೆಗೆ ಕುಂಟು ಕುರಿ ಹೊಡೆದುಕೊಂಡು ಹೋಗುವ ಉಪಾಯ ಅವಳಿಗೆ ತಿಳಿಯದ್ದೇ? ಅದನ್ನ ನಡುವ ಹಾಕು, ಸುತ್ತ ನಾಲ್ಕು ಗಟ್ಟಿಯವು ಇರಲಿ, ಕೊಳ್ಳಾವಂಗೆ ಬೆನ್ನು ಕಾಣ್ತೈತಿ, ಕಾಲು ಕಾಣಂಗಿಲ್ಲ ಅನ್ನುತ್ತಾನೆ. ಮೂರು ತಿಂಗಳು ಅವಳು ಮಾಡಿದ್ದೂ ಅದೇ, ಬೆಳಗಿನ ಓಟದಲ್ಲಿ ಸಾಲಿನ ನಟ್ಟನಡುವೆ ಸೇರಿಕೊಳ್ಳುವುದು, ಕೋಚ್ ನಾಗರಾಜ ಸರ್ ಕಣ್ಣಿಗೆ ಬರೀ ತಲೆಗಳು ಕಾಣುವ ಹಾಗೆ, ಸಂಗೀತ ಚೆನ್ನಾಗಿ ಓಡ್ತಿದಾಳೆ ಅಂದರು ಒಂದು ದಿನ, ಆ ದಿನ ಶೂ ಬಿಚ್ಚಲು ಬಗ್ಗುವುದಕ್ಕೂ ಆಗಿರಲಿಲ್ಲ.

ನೋವಿದ್ಯನೇ ಮಾರಾಯ್ತಿ, ಅನ್ನುತ್ತಾರೆ ಮೇಡಂ, ಸೊರಬದ ಜಡೆ ಊರಿನ ಕಡೆಯವರು, ಬೈದರೂ ಊಟಕ್ಕೆ ಕರೆದ ಹಾಗಿರುತ್ತದೆ. ಇಲ್ಲ ಮೇಡಂ. ಸ್ವಲ್ಪನೂ? ಇಲ್ಲ — ಆಗ ಬಾಗಿಲಿನಿಂದ ಬಂತು ಆ ದನಿ, ಐತ್ರೀ, ದೀಪಾವಳಿ ಆದಾಗಿಂದ ಬಲಗಾಲು ಹಿಂದ ಉಳೀತೈತಿ, ಮೆಟ್ಲ ಹತ್ತುವಾಗ ಗ್ವಾಡಿ ಹಿಡೀತಾಳ. ಅಜ್ಜಿ ವರದಮ್ಮ. ಮನೆಯವರ ಸಹಿ ಬೇಕು ಅಂದದ್ದಕ್ಕೆ, ಅಪ್ಪ ಕುರಿಯ ಹಿಂದೆ ದೂರ ಹೋಗಿದ್ದಕ್ಕೆ, ಹೆಬ್ಬೆಟ್ಟು ಒತ್ತಲು ಬಸ್ಸಿನಲ್ಲಿ ಜೊತೆಗೆ ಬಂದವಳು, ಕುರ್ಚಿ ಬೇಡವೆಂದು ಹೊಸ್ತಿಲಲ್ಲೇ ಕೂತವಳು. ಸಾಕಿದವಳೇ ಮುಳುಗಿಸಿದಳಲ್ಲ ಅನ್ನಿಸಿತು, ಯಾವಾಗ ನೋಡಿದಳು ಇವಳು, ಒಂದು ಮಾತು ಕೇಳಲಿಲ್ಲವಲ್ಲ — ನೋಡದೆ ಏನು, ಸಂಜೆ ಕುರಿ ರೊಪ್ಪದ ಬಾಯಲ್ಲಿ ಹೀಗೇ ಕೂರುತ್ತಾಳೆ, ಒಂದೇ ಕುರಿ ನುಗ್ಗುವಷ್ಟು ತಡಿಕೆ ಸರಿಸಿ, ಒಂದೊಂದಾಗಿ ಒಳಗೆ ಬಿಡುತ್ತಾಳೆ, ಕಣ್ಣು ಹಿಂಗಾಲಿನ ಮೇಲೆ ಮಾತ್ರ, ಮುಖ ನೋಡಿದ್ರ ಎಲ್ಲಾ ಕುರೀನೂ ಚಲೋನ ಕಾಣ್ತಾವ ಬಿಡು ಅನ್ನುತ್ತಾಳೆ. ಕಾಲೆಳೆದದ್ದನ್ನು ಅಲ್ಲೇ ಹಿಡಿದು ಮುಳ್ಳು ತೆಗೆದು, ಮನೆ ಹಿಂದೆ ಕಟ್ಟಿ, ತಿಂಗಳುಗಟ್ಟಲೆ ಸೊಪ್ಪು ತಿನ್ನಿಸಿದ್ದಾಳೆ, ಸಂತೆಗೆ ಕೊಡು ಅಂದ ಮಗನ ಜೊತೆ ಜಗಳವಾಡಿದ್ದಾಳೆ, ಮಾರಿದ್ರ ಇನ್ನೊಬ್ರ ಮನ್ಯಾಗ ಕುಂಟ್ತೈತಿ, ಅಷ್ಟ. ಇದನ್ನೆಲ್ಲ ನೋಡುತ್ತಲೇ ಬೆಳೆದ ಸಂಗೀತ ಅಪ್ಪನ ಸಂತೆಬುದ್ಧಿಯನ್ನು ಯಾಕೆ ಕಲಿತಳೋ.

ಮೇಡಂ ಸೊಂಟದ ಮುಂಭಾಗಕ್ಕೆ ಹೆಬ್ಬೆರಳೊತ್ತಿದರು, ಹಲ್ಲು ಕಚ್ಚಿದರೂ ಕಣ್ಣು ತುಂಬಿತು. ಕೂತು ಕೂತು ಎದ್ದು ಓಡೋ ಆಟ, ಯಾವಾಗ್ಲೂ ಬಲಗಾಲೇ ಒತ್ತಿ ಏಳ್ತೀಯಲ, ಅಲ್ಲಿನ ಸ್ನಾಯು ಬಿಗಿದು ಗಿಡ್ಡ ಆಗಿದೆ, ಇದರಲ್ಲೇ ಪಂದ್ಯ ಆಡಿದ್ರೆ ಹರಿದು ಹೋಗ್ತಿತ್ತು. ಎಂಟು ವಾರ ಓಟ ಬೇಡ, ದಿನಾ ವ್ಯಾಯಾಮ ಮಾಡು, ಮತ್ತೆ ಬಾ, ನಾನೇ ನೋಡ್ತೀನಿ. ಪಂದ್ಯ ಹೋಯ್ತಾ ಮೇಡಂ. ಈ ಪಂದ್ಯ ಹೋಯ್ತು, ಆಟ ಹೋಗ್ಲಿಲ್ಲ, ಅಜ್ಜಿ ಕಾಲಿಗೆ ಬೀಳು. ಅಳು ಬಂತು, ಆದರೆ ಅದರ ಹಿಂದೆಯೇ ಇನ್ನೊಂದು, ನಾಳೆ ಬೆಳಿಗ್ಗೆ ಸಾಲಿನ ನಡುವೆ ಅಡಗಬೇಕಾಗಿಲ್ಲ, ಯಾರ ಎದುರಿಗೂ ನೆಟ್ಟಗೆ ನಡೆದು ತೋರಿಸಬೇಕಾಗಿಲ್ಲ, ಮೂರು ತಿಂಗಳ ಆ ಭಾರ ಒಂದೇ ಮಾತಿಗೆ ಇಳಿಯಿತು, ಇಳಿಸಿದವಳು ಈ ಮುದುಕಿ, ಇವಳ ಋಣ ಯಾವ ಜನ್ಮಕ್ಕೆ ತೀರಿಸಲಿ — ಹೊಸ್ತಿಲಿನಿಂದ ಮೊಣಕಾಲು ಹಿಡಿದುಕೊಂಡು ಏಳುತ್ತಿದ್ದಾಳೆ, ಬರುತ್ತಿದ್ದಾಳೆ, ಕಂಬಳಿಯ ವಾಸನೆ ಅವಳಿಗಿಂತ ಮೊದಲೇ ಬಂತು, ಎಷ್ಟೈತ್ರೀ ಸಂದು ಅಂತ ಮೇಡಂನ ಕೇಳುತ್ತಾಳೆ, ಉತ್ತರಕ್ಕೆ ಕಾಯದೆ ತೊಡೆಯ ಕೆಳಗೆ ಕೈ ತೂರಿಸುತ್ತಾಳೆ, ಒರಟು ಕೈ, ಬೆಚ್ಚಗಿನ ಕೈ, ಇಷ್ಟ ಐತಿ, ಇಳೀತೈತಿ ತಗಾ, ಫ್ಯಾನು ಟಕ್ ಅನ್ನುತ್ತದೆ, ಮತ್ತೆ ಟಕ್, ಕೈ ಹಾಗೇ ಇದೆ, ತೊಡೆಗೂ ಮೇಜಿಗೂ ನಡುವೆ, ಅಜ್ಜಿಯ ನಾಲ್ಕು ಬೆರಳು.